ಸಿಮ್ಯುಲೇಟರ್ ಮುಂದೆ ಕೈ ಪಳಗುತ್ತದೆ, ಗಮನ ಪಳಗುವುದು ಹೇಗೆ?

ಸರ್ಜರಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ವೈದ್ಯಕೀಯ ಕಾಲೇಜೊಂದರ ಸರ್ಜರಿ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಪಿಜಿ ವಿದ್ಯಾರ್ಥಿಗಳಿಗೆ ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್ ಮೇಲೆ, ಅಂದರೆ ಶಸ್ತ್ರಚಿಕಿತ್ಸೆಯನ್ನು ಪರದೆಯಲ್ಲಿ ಅನುಕರಿಸುವ ಯಂತ್ರದ ಮೇಲೆ, ಲ್ಯಾಪ್ರೋಸ್ಕೋಪಿಯಲ್ಲಿ (ಹೊಟ್ಟೆಯ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಮತ್ತು ಉದ್ದ ಉಪಕರಣಗಳಿಂದ) ಪಿತ್ತಕೋಶ ತೆಗೆಯುವುದನ್ನು ಕಲಿಸುವ ಹೊಣೆ ನನ್ನದು. ಸಿಮ್ಯುಲೇಟರ್ ಇರುವ ಕೋಣೆಯನ್ನು ನಾವು ಬೇಕೆಂದೇ ನಿಶ್ಶಬ್ದವಾಗಿ ಇಟ್ಟಿದ್ದೇವೆ. ಮೊಬೈಲ್ ಫೋನುಗಳು ಹೊರಗಿನ ಮೇಜಿನ ಮೇಲೆ ಇರುತ್ತವೆ, ಬಾಗಿಲು ಮುಚ್ಚಿರುತ್ತದೆ, ಒಬ್ಬರು ಅಭ್ಯಾಸ ಮಾಡುವಾಗ ಉಳಿದವರು ಮಾತನಾಡುವಂತಿಲ್ಲ. ವಾರದಿಂದ ವಾರಕ್ಕೆ ಅಂಕಗಳು ಏರುತ್ತಲೇ ಇವೆ.

ಈಚೆಗೆ ಒಂದು ಮಧ್ಯಾಹ್ನ, ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರು ಪರದೆಯಲ್ಲಿ ಪಿತ್ತಕೋಶದ ನಾಳವನ್ನು ಬಿಡಿಸಿ, ಕತ್ತರಿಸುವ ಮುನ್ನ ಅದನ್ನು ಮುಚ್ಚುವ ಕ್ಲಿಪ್ ಹಾಕಲು ಸಿದ್ಧರಾಗಿದ್ದಾಗ, ಹಿಂದೆ ನಿಂತಿದ್ದ ನಾನು ವಾರ್ಡಿನ ರೋಗಿಯೊಬ್ಬರ ಪೊಟ್ಯಾಸಿಯಂ ಎಷ್ಟಿದೆ ಎಂದು ಕೇಳಿದೆ. ಅವರ ಬಲಗೈ ನಿಂತಿತು, ಅದು ಸರಿಯಾದದ್ದೇ. ಆದರೆ ಪಿತ್ತಕೋಶದ ಕತ್ತನ್ನು ಎಡಗೈಯಲ್ಲಿ ಎಳೆದು ಹಿಡಿದಿದ್ದ ಗ್ರಾಸ್ಪರ್ ಮೆಲ್ಲಗೆ ಕೆಳಗಿಳಿಯಿತು, ಅಷ್ಟು ಹೊತ್ತು ಕಷ್ಟಪಟ್ಟು ಬಿಡಿಸಿಟ್ಟಿದ್ದ, ನಾಳಗಳು ಕಾಣುವ ತ್ರಿಕೋನಾಕಾರದ ಜಾಗ ಮುಚ್ಚಿಕೊಂಡಿತು. ನನಗೆ ಉತ್ತರ ಕೊಟ್ಟ ಮೇಲೆ ಅವರು ಎಳೆತವನ್ನು ಮತ್ತೆ ಸರಿಪಡಿಸದೆ, ನಾಳಗಳನ್ನು ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳದೆ, ಕ್ಲಿಪ್ ಹಾಕಿಬಿಟ್ಟರು. ಯಂತ್ರ ಕೊಟ್ಟ ಅಂಕಪಟ್ಟಿಯಲ್ಲಿ ತೆಗೆದುಕೊಂಡ ಸಮಯ, ಉಪಕರಣದ ತುದಿ ಚಲಿಸಿದ ದೂರ, ರಕ್ತಸ್ರಾವ ಎಲ್ಲವೂ ಹಸಿರು ಬಣ್ಣದಲ್ಲಿದ್ದವು. ಗಮನ ತಪ್ಪಿದ ಆ ಗಳಿಗೆಯ ಸುಳಿವು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಹಾಗಾಗಿ ನನ್ನ ಪ್ರಶ್ನೆ ಇದು. ಸಿಮ್ಯುಲೇಟರ್ ತರಬೇತಿ ನಿಶ್ಶಬ್ದದಲ್ಲಿ ನಡೆಯಬೇಕೋ ಅಥವಾ ಓಟಿಯ (ಆಪರೇಷನ್ ಥಿಯೇಟರಿನ) ಗದ್ದಲವನ್ನು ಅಲ್ಲಿಗೇ ತರಬೇಕೋ? ತರುವುದಾದರೆ ಯಾವ ಹಂತದಲ್ಲಿ ತರಬೇಕು, ಗಮನವನ್ನು ಅಳೆಯುವುದು ಹೇಗೆ?

ಅರಿವಳಿಕೆ_ವೈದ್ಯೆ

ಸರ್, ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು, ಆದರೆ "ಗದ್ದಲ" ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ನೀವು ಗದ್ದಲವೆನ್ನುವುದರಲ್ಲಿ ಅರ್ಧದಷ್ಟು ನಮ್ಮ ಕೆಲಸ. ಲ್ಯಾಪ್ರೋಸ್ಕೋಪಿಗಾಗಿ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಿದ್ದಂತೆ ಕೆಲವು ರೋಗಿಗಳ ಎದೆಬಡಿತ ಒಮ್ಮೆಲೇ ಇಳಿದುಬಿಡುತ್ತದೆ, ಆಗ ನಾನು "ಗ್ಯಾಸ್ ಹೊರಗೆ ಬಿಡಿ" ಎಂದ ಕೂಡಲೇ ಸರ್ಜನ್‌ಗೆ ಅದು ಕೇಳಿಸಬೇಕು. ಪರದೆಯಲ್ಲಿ ಮುಳುಗಿ ಹೋಗಿ ಎರಡನೆಯ ಸಲ ಕೂಗಿದಾಗ ತಲೆ ಎತ್ತುವವರನ್ನು ಏಕಾಗ್ರತೆಯುಳ್ಳವರು ಎಂದು ನಾನು ಒಪ್ಪಲಾರೆ. ಯಾವ ಮಾತಿಗೆ ಕಿವಿಗೊಡಬೇಕು, ಯಾವುದನ್ನು ಆಮೇಲೆ ನೋಡಿಕೊಳ್ಳೋಣವೆಂದು ಬದಿಗಿಡಬೇಕು ಎಂಬ ವಿವೇಚನೆಯನ್ನು ಮುಚ್ಚಿದ ಕೋಣೆಯಲ್ಲಿ ಕಲಿಸಲು ಆಗುವುದಿಲ್ಲ.

ನಿವೃತ್ತ_ಸರ್ಜನ್

ನಾನು ನಾಲ್ಕು ದಶಕಗಳ ಕಾಲ ಶಸ್ತ್ರಚಿಕಿತ್ಸೆ ಮಾಡಿದವನು. ನಮ್ಮ ಕಾಲದಲ್ಲಿ ಇಂತಹ ಯಂತ್ರಗಳು ಇರಲಿಲ್ಲ. ಗುರುಗಳ ಪಕ್ಕದಲ್ಲಿ ನಿಂತು ರಿಟ್ರ್ಯಾಕ್ಟರ್ ಹಿಡಿದು, ಲ್ಯಾಪ್ರೋಸ್ಕೋಪಿ ಬಂದ ಮೇಲೆ ಕ್ಯಾಮೆರಾ ಹಿಡಿದು ಕಲಿತೆವು. ರೋಗಿಯ ಮನೆಯವರು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ ಎಂಬ ಅರಿವೇ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತಿತ್ತು. ಪರದೆಯ ಮೇಲೆ ನಾಳ ತುಂಡಾದರೆ ಗುಂಡಿ ಒತ್ತಿ ಮತ್ತೆ ಆರಂಭಿಸಬಹುದೆಂದು ಗೊತ್ತಿರುವಾಗ ಆ ಎಚ್ಚರ ಎಲ್ಲಿಂದ ಬರಬೇಕು? ಯಂತ್ರದಿಂದ ಕೈಚಳಕ ಬಂದೀತು, ಗಮನ ಬರುವುದೆಂದು ನಾನು ನಂಬುವುದಿಲ್ಲ.

ಲೀಡ್ಸ್_ಕನ್ನಡಿಗ

ಗುರುಗಳೇ, ತಮ್ಮ ಅನುಭವದ ಮುಂದೆ ನಾನು ಚಿಕ್ಕವನು, ಆದರೂ ಎರಡು ಅಧ್ಯಯನಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ರೆಸಿಡೆಂಟ್‌ಗಳನ್ನು (ತರಬೇತಿಯಲ್ಲಿರುವ ವೈದ್ಯರನ್ನು) ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಐಎಸ್‌ಟಿ-ವಿಆರ್ ಎಂಬ ಸಿಮ್ಯುಲೇಟರ್ ಮೇಲೆ, ಪರಿಣತರ ಮಟ್ಟ ತಲುಪುವವರೆಗೂ ಅಭ್ಯಾಸ ಮಾಡಿಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ನಿಜವಾದ ಓಟಿಯಲ್ಲಿ ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವಾಗ ಆ ಗುಂಪಿನವರು 29% ಬೇಗ ಕೆಲಸ ಮುಗಿಸಿದರು. ಅಭ್ಯಾಸವಿಲ್ಲದ ಗುಂಪಿನವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇಡದ ಜಾಗವನ್ನು ಸುಡುವ ಸಾಧ್ಯತೆ 5 ಪಟ್ಟು ಹೆಚ್ಚಾಗಿತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಂಶ: ಏನು ಮಾಡಬೇಕೆಂದು ತೋಚದೆ ಕೈ ಸ್ವಲ್ಪ ಹೊತ್ತು ಮುಂದುವರಿಯದೆ ನಿಲ್ಲುವ ಸಾಧ್ಯತೆ ಅಭ್ಯಾಸವಿಲ್ಲದವರಲ್ಲಿ 9 ಪಟ್ಟು ಹೆಚ್ಚಾಗಿತ್ತು. ಅದು ಕೈಯ ತೊಂದರೆಯಷ್ಟೇ ಅಲ್ಲ, ಮನಸ್ಸಿನದೂ ಹೌದು.

ಎರಡನೆಯದು ಡೆನ್ಮಾರ್ಕಿನದು, 2009ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದದ್ದು. ಸ್ತ್ರೀರೋಗ ವಿಭಾಗದ 24 ತರಬೇತಿ ವೈದ್ಯರ ಪೈಕಿ ಸಿಮ್ಯುಲೇಟರ್ ಅಭ್ಯಾಸ ಮಾಡಿದವರು ಅಂಡನಾಳ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಸುಮಾರು 12 ನಿಮಿಷಗಳಲ್ಲಿ ಮುಗಿಸಿದರೆ ಉಳಿದವರಿಗೆ 24 ನಿಮಿಷ ಬೇಕಾಯಿತು. ಯಂತ್ರದ ಮುಂದೆ ಕಲಿತದ್ದು ರೋಗಿಯ ಬಳಿಗೂ ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಿವೃತ್ತ_ಸರ್ಜನ್

ವೇಗ ಹೆಚ್ಚಿತು, ಗಾಯ ಕಡಿಮೆಯಾಯಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಮೇಷ್ಟ್ರು ಕೇಳಿದ್ದು ಬೇರೆ. ಪ್ರಶ್ನೆಯೊಂದು ಬಂದ ಕೂಡಲೇ ಎಡಗೈ ಸಡಿಲವಾದದ್ದಕ್ಕೆ ಈ ಎರಡರಲ್ಲಿಯೂ ಉತ್ತರವಿಲ್ಲ.

ಮನಶ್ಶಾಸ್ತ್ರ_ಓದುಗಿ

ನಾನು ವೈದ್ಯೆಯಲ್ಲ, ಕೌಶಲ ಕಲಿಕೆಯ ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವವಳು. ಆ ಎಡಗೈ ಏಕೆ ಸಡಿಲವಾಯಿತು ಎಂಬುದನ್ನು ವಿವರಿಸಲು ಪ್ರಯತ್ನಿಸುತ್ತೇನೆ.

ಒಂದು ಹೊತ್ತಿಗೆ ಮನಸ್ಸು ಪ್ರಜ್ಞಾಪೂರ್ವಕವಾಗಿ ಹಿಡಿದಿಟ್ಟುಕೊಳ್ಳಬಲ್ಲ ವಿಷಯಗಳು ಬಹಳ ಕಡಿಮೆ. ಲ್ಯಾಪ್ರೋಸ್ಕೋಪಿಯನ್ನು ಹೊಸದಾಗಿ ಕಲಿಯುವವರ ಆ ಸೀಮಿತ ಜಾಗವನ್ನು ಕೈಗಳೇ ಆಕ್ರಮಿಸಿಕೊಂಡಿರುತ್ತವೆ. ಹೊಟ್ಟೆಯ ಗೋಡೆಯೇ ಸನ್ನೆಗೋಲಿನ ಆಧಾರಬಿಂದುವಾಗುವುದರಿಂದ ಹಿಡಿಕೆ ಬಲಕ್ಕೆ ಹೋದರೆ ಉಪಕರಣದ ತುದಿ ಎಡಕ್ಕೆ ಹೋಗುತ್ತದೆ, ಮೂರು ಆಯಾಮದ ಅಂಗಗಳನ್ನು ಚಪ್ಪಟೆ ಪರದೆಯಲ್ಲಿ ನೋಡಬೇಕಾಗುತ್ತದೆ, ಎರಡೂ ಕೈಗಳು ಬೇರೆ ಬೇರೆ ಕೆಲಸ ಮಾಡಬೇಕಾಗುತ್ತದೆ. ಹೊಸಬರಿಗೆ ಇವೆಲ್ಲಕ್ಕೂ ಗಮನ ಕೊಡಲೇಬೇಕು. ಪರಿಣತರಲ್ಲಿ ಇದೆಲ್ಲ ತಾನಾಗಿ ನಡೆಯುವುದರಿಂದ ಅವರ ಗಮನ ಬಿಡುವಾಗಿ ಉಳಿದಿರುತ್ತದೆ. ಬೈಕ್ ಓಡಿಸುವುದನ್ನು ಅದೇ ತಾನೇ ಕಲಿಯುತ್ತಿರುವವರು ಹಿಂದೆ ಕೂತವರ ಮಾತಿಗೆ ಉತ್ತರ ಕೊಡಲು ಹೋಗಿ ಗೇರ್ ಮರೆಯುತ್ತಾರೆ, ಹಳಬರು ಮರೆಯುವುದಿಲ್ಲ.

ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ತಂಡವೊಂದು 2008ರಲ್ಲಿ ಇದನ್ನೇ ಪರೀಕ್ಷಿಸಿತು. ಲ್ಯಾಪ್ರೋಸ್ಕೋಪಿ ಉಪಕರಣಗಳಿಂದ ಚಿಕ್ಕ ವಸ್ತುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತಿರುವಾಗಲೇ ಬಾಯಿಲೆಕ್ಕ ಮಾಡಿಸಿದರು. ಅನುಭವಿ ಸರ್ಜನ್‌ಗಳು ಎರಡನ್ನೂ ನಿಭಾಯಿಸಿದರು, ಹೊಸಬರು ಎಡವಿದರು. ಸಮಯ ಮತ್ತು ತಪ್ಪುಗಳ ಅಂಕದಲ್ಲಿ ಇಬ್ಬರು ಸಮವಾಗಿ ಕಂಡರೂ ಒಬ್ಬರು ತಮ್ಮ ಗಮನವನ್ನೆಲ್ಲ ಖರ್ಚು ಮಾಡಿ ಆ ಅಂಕ ಗಳಿಸಿರಬಹುದು, ಇನ್ನೊಬ್ಬರು ಅರ್ಧವನ್ನು ಉಳಿಸಿಕೊಂಡು ಗಳಿಸಿರಬಹುದು. ಯಂತ್ರದ ಅಂಕಪಟ್ಟಿ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ಸರ್ಜರಿ_ಮೇಷ್ಟ್ರು

ಮೇಡಂ, ಇದು ನನಗೆ ಬೇಕಾಗಿದ್ದ ವಿವರಣೆ. ಹಾಗಿದ್ದರೆ ಮೊದಲ ದಿನದಿಂದಲೇ ಲೆಕ್ಕ ಕೇಳುತ್ತಾ ಅಭ್ಯಾಸ ಮಾಡಿಸುವುದು ಒಳ್ಳೆಯದೇ?

ಮನಶ್ಶಾಸ್ತ್ರ_ಓದುಗಿ

ಇಲ್ಲ ಸರ್, ಮೊದಲ ದಿನದಿಂದ ಬೇಡ. ಕೈಗೇ ಸಾಲದಿರುವ ಗಮನವನ್ನು ಇನ್ನೊಂದು ಕೆಲಸಕ್ಕೆ ಹಂಚಿದರೆ ಎರಡೂ ಕೆಡುತ್ತವೆ, ಕಲಿಕೆಯೂ ನಿಧಾನವಾಗುತ್ತದೆ. ಆರಂಭದಲ್ಲಿ ನಿಮ್ಮ ನಿಶ್ಶಬ್ದ ಕೋಣೆಯೇ ಸರಿ. ಸಮಯ ಮತ್ತು ತಪ್ಪುಗಳ ಗುರಿ ತಲುಪಿದ ದಿನ ನಾವು ಸಾಮಾನ್ಯವಾಗಿ ತರಬೇತಿ ನಿಲ್ಲಿಸಿಬಿಡುತ್ತೇವೆ, ನನ್ನ ಪ್ರಕಾರ ಆ ದಿನದಿಂದ ಎರಡನೆಯ ಹಂತ ಆರಂಭವಾಗಬೇಕು. ಅಮೆರಿಕದ ಷಾರ್ಲಟ್ ನಗರದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ಹೊಲಿಗೆಯ ಅಭ್ಯಾಸವನ್ನು ಸಾಮಾನ್ಯ ಗುರಿಯವರೆಗೆ ಮಾಡಿತು. ಇನ್ನೊಂದು ಗುಂಪು, ಪಕ್ಕದ ಪರದೆಯಲ್ಲಿ ಮೂಡುವ ಚೌಕಗಳನ್ನು ಗುರುತಿಸುತ್ತಲೇ ಹೊಲಿಯಬಲ್ಲ ಮಟ್ಟದವರೆಗೆ ಮುಂದುವರಿಯಿತು. ಆಮೇಲೆ ಹಂದಿಯ ಮೇಲೆ ಹೊಲಿಗೆ ಹಾಕಿಸಿದಾಗ ಎರಡನೆಯ ಗುಂಪಿನ ಕೆಲಸವೇ ಚೆನ್ನಾಗಿತ್ತು. ಆ ಮಟ್ಟ ತಲುಪಲು ಹೆಚ್ಚು ಸಮಯ ಬೇಕಾಯಿತು ಎಂಬುದನ್ನೂ ಹೇಳಬೇಕು.

ಪಿಜಿ_ಎರಡನೇ_ವರ್ಷ

ಹೆಚ್ಚು ಸಮಯ ಎಂದಿರಿ ಮೇಡಂ, ಆ ಸಮಯ ನಮಗೆ ಸಿಗುವುದಾದರೂ ಯಾವಾಗ?

ನಾನು ಕಲಿಯುತ್ತಿರುವ ಕಡೆ ಸಿಮ್ಯುಲೇಟರ್‌ಗೆ ನಮ್ಮ ಸರದಿ ಬರುವುದು ರಾತ್ರಿ ಡ್ಯೂಟಿ ಮುಗಿದ ಮರುದಿನ ಮಧ್ಯಾಹ್ನ, ಏಕೆಂದರೆ ಆ ಹೊತ್ತಿನಲ್ಲಿ ವಾರ್ಡಿನಲ್ಲೂ ಓಟಿಯಲ್ಲೂ ನಮ್ಮ ಅಗತ್ಯ ಕಡಿಮೆ ಇರುತ್ತದೆ. ಕಣ್ಣು ಎಳೆಯುತ್ತಿರುತ್ತದೆ, ಪರದೆಯ ಮೇಲಿನ ಯಕೃತ್ತು ಎರಡಾಗಿ ಕಾಣುತ್ತದೆ, ಆದರೂ ಹಾಜರಿ ಪುಸ್ತಕಕ್ಕಾಗಿ ಒಂದು ಗಂಟೆ ನಿಲ್ಲುತ್ತೇವೆ. ಅಂತಹ ದಿನ ಬಂದ ಕಡಿಮೆ ಅಂಕವೂ ನಮ್ಮ ಕಡತಕ್ಕೆ ಸೇರುತ್ತದೆ. ಗಮನದ ಬಗ್ಗೆ ಮಾತನಾಡುವಾಗ ಹಿರಿಯರು ನಿದ್ದೆಯ ಬಗ್ಗೆಯೂ ದಯವಿಟ್ಟು ಮಾತನಾಡಬೇಕು.

ನಿವೃತ್ತ_ಸರ್ಜನ್

ತಮ್ಮಾ, ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಕರುಳು ತೂತಾದ ರೋಗಿ ನಡುರಾತ್ರಿಯಲ್ಲೇ ಬರುತ್ತಾನೆ. ನಿದ್ದೆಗೆಟ್ಟಾಗಲೂ ಕೆಲಸ ಮಾಡುವುದನ್ನು ಸರ್ಜನ್ ಆದವನು ಕಲಿಯಲೇಬೇಕಲ್ಲವೇ?

ಲೀಡ್ಸ್_ಕನ್ನಡಿಗ

ಗುರುಗಳೇ, ನಿದ್ದೆಗೆಟ್ಟು ಕೆಲಸ ಮಾಡಬೇಕಾಗಿ ಬರುವುದು ಬೇರೆ, ನಿದ್ದೆಗೆಟ್ಟು ಕಲಿಯುವುದು ಬೇರೆ. ಲಂಡನ್ನಿನ ತಂಡವೊಂದು 1998ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದ ಪ್ರಕಾರ, ರಾತ್ರಿಯಿಡೀ ಎಚ್ಚರವಿದ್ದ ಸರ್ಜನ್‌ಗಳು ಲ್ಯಾಪ್ರೋಸ್ಕೋಪಿ ಸಿಮ್ಯುಲೇಟರ್ ಮೇಲೆ 20% ಹೆಚ್ಚು ತಪ್ಪು ಮಾಡಿದರು, 14% ಹೆಚ್ಚು ಸಮಯ ತೆಗೆದುಕೊಂಡರು. ಇನ್ನೂ ಕಲಿಯುತ್ತಿರುವವರು ಆ ಸ್ಥಿತಿಯಲ್ಲಿ ಅಭ್ಯಾಸ ಮಾಡಿದರೆ ತಪ್ಪು ಚಲನೆಗಳೇ ಕೈಗೆ ಅಂಟಿಕೊಳ್ಳುತ್ತವೆ ಎಂಬುದು ನನ್ನ ಆತಂಕ. ತುರ್ತು ಸಂದರ್ಭಕ್ಕೆ ಅನ್ವಯಿಸುವ ಮಾತನ್ನು ವೇಳಾಪಟ್ಟಿಗೆ ಅನ್ವಯಿಸಬಾರದು. ವೇಳಾಪಟ್ಟಿ ನಮ್ಮ ಕೈಯಲ್ಲೇ ಇದೆ.

ಮಧ್ಯಾಹ್ನದ_ಓಟಿ

ವಿದ್ಯಾರ್ಥಿಯ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ.

ಮೇಷ್ಟ್ರು ಕಂಡದ್ದಕ್ಕೆ ಬಹಳ ಹತ್ತಿರವಾದ ಪ್ರಯೋಗವೊಂದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ ನಡೆದಿದೆ, 2012ರಲ್ಲಿ ಪ್ರಕಟವಾಗಿದೆ. 18 ರೆಸಿಡೆಂಟ್‌ಗಳಿಗೆ ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್ ಮೇಲೆ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಒಮ್ಮೆ ನಿಶ್ಶಬ್ದದಲ್ಲಿ, ಇನ್ನೊಮ್ಮೆ ಅಡ್ಡಿಗಳ ನಡುವೆ ಮಾಡಿಸಿದರು. ಫೋನ್ ರಿಂಗಾಗುವುದು, ಟ್ರೇ ಬೀಳುವುದು, ಪಕ್ಕದಲ್ಲಿ ಹರಟೆ, ಬೇರೆ ರೋಗಿಯ ಬಗ್ಗೆ ಪ್ರಶ್ನೆ, ಇವೇ ಅಡ್ಡಿಗಳು. ನಿಶ್ಶಬ್ದದಲ್ಲಿ 18ರಲ್ಲಿ ಒಬ್ಬರು ಮಾತ್ರ ಗಂಭೀರ ತಪ್ಪು ಮಾಡಿದರೆ ಅಡ್ಡಿಗಳ ನಡುವೆ 8 ಮಂದಿ ಮಾಡಿದರು. ಹೆಚ್ಚು ತಪ್ಪುಗಳಿಗೆ ಕಾರಣವಾದದ್ದು ಸದ್ದಲ್ಲ, ಪ್ರಶ್ನೆ. ಎರಡನೆಯ ಸ್ಥಾನ ಪಕ್ಕದ ಹರಟೆಗೆ. ಅಡ್ಡಿಗಳ ನಡುವಿನ ಆ ತಪ್ಪುಗಳು ಮಧ್ಯಾಹ್ನದ ನಂತರದ ಅವಧಿಯಲ್ಲೇ ಆದವು ಎಂಬುದನ್ನೂ ವರದಿ ಮಾಡಿದ್ದಾರೆ. ಮೇಷ್ಟ್ರೇ, ನೀವು ಪ್ರಶ್ನೆ ಕೇಳಿದ್ದೂ ಮಧ್ಯಾಹ್ನವೇ.

ಓಟಿ_ಸಿಸ್ಟರ್

ನಾನು ಸ್ಕ್ರಬ್ ನರ್ಸ್, ಶಸ್ತ್ರಚಿಕಿತ್ಸೆಯ ವೇಳೆ ಸರ್ಜನ್‌ಗೆ ಉಪಕರಣ ಕೊಡುವವಳು. ಇಲ್ಲಿ ಎಲ್ಲರೂ ಸರ್ಜನ್ನರ ಗಮನವನ್ನು ಹೇಗೆ ಗಟ್ಟಿ ಮಾಡಬೇಕೆಂದು ಚರ್ಚಿಸುತ್ತಿದ್ದೀರಿ, ಅಡ್ಡಿಯನ್ನೇ ಕಡಿಮೆ ಮಾಡುವ ಬಗ್ಗೆ ಯಾರೂ ಮಾತೆತ್ತಿಲ್ಲ. ಸರ್ಜನ್ ಕೈ ತೊಳೆದು ಸ್ಕ್ರಬ್ ಆದ ಮೇಲೆ ಅವರ ಮೊಬೈಲ್, ಓಟಿಯಲ್ಲಿ ಓಡಾಡಿ ಕೆಲಸ ಮಾಡುವ ನಮ್ಮ ಸರ್ಕ್ಯುಲೇಟಿಂಗ್ ನರ್ಸ್ ಕೈಯಲ್ಲಿರುತ್ತದೆ. ಕರೆ ಬಂದರೆ ಅದನ್ನು ಅವರ ಕಿವಿಗೆ ಹಿಡಿಯಬೇಕಾಗುತ್ತದೆ. ಕ್ಲಿಪ್ ಹಾಕುವ ಹೊತ್ತಿನಲ್ಲಿಯೇ ಮುಂದಿನ ಕೇಸಿನ ಬಗ್ಗೆ ಕೇಳಲು ಬಾಗಿಲು ತೆರೆದು ಯಾರೋ ಒಳಗೆ ಬರುತ್ತಾರೆ.

ಅಮೆರಿಕದ ವಿಮಾನಯಾನ ಇಲಾಖೆ 1981ರಲ್ಲೇ ಒಂದು ನಿಯಮ ತಂದಿದೆ: ವಿಮಾನ 10,000 ಅಡಿಗಿಂತ ಕೆಳಗೆ ಹಾರುತ್ತಿರುವಾಗ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಅಗತ್ಯವಿಲ್ಲದ ಮಾತುಕತೆ ನಡೆಯಬಾರದು. ಹಾಗೆಯೇ ನಾಳವನ್ನು ಗುರುತಿಸಿ ಕ್ಲಿಪ್ ಹಾಕಿ ಕತ್ತರಿಸುವವರೆಗೆ ರೋಗಿಗೆ ಸಂಬಂಧಿಸದ ಮಾತು ಬೇಡವೆಂದು ಓಟಿಯಲ್ಲಿ ಏಕೆ ನಿಯಮ ಮಾಡಬಾರದು? ವಿದ್ಯಾರ್ಥಿಗಳಿಗೆ ಗದ್ದಲ ಸಹಿಸುವುದನ್ನು ಕಲಿಸುವ ಜೊತೆಗೆ, "ಈಗ ಬೇಡ, ಎರಡು ನಿಮಿಷ ಬಿಟ್ಟು ಹೇಳಿ" ಎಂದು ಹೇಳುವುದನ್ನೂ ಸಿಮ್ಯುಲೇಟರ್ ಮುಂದೆಯೇ ಕಲಿಸಿ. ಕಿರಿಯ ವೈದ್ಯರಿಗೆ ಹಿರಿಯರ ಮುಂದೆ ಹಾಗೆ ಹೇಳುವ ಧೈರ್ಯ ಬರುವುದಿಲ್ಲ, ಅದನ್ನು ಅಭ್ಯಾಸ ಮಾಡಿಸಬೇಕು.

ಅರಿವಳಿಕೆ_ವೈದ್ಯೆ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ.

ಪಿಜಿ_ಎರಡನೇ_ವರ್ಷ

ಸಿಸ್ಟರ್, ಪ್ರಶ್ನೆ ಕೇಳುವವರು ವಿಭಾಗದ ಮುಖ್ಯಸ್ಥರೇ ಆದಾಗ "ಈಗ ಬೇಡ" ಎಂದು ಹೇಳುವುದು ಹೇಗೆ?

ಸರ್ಜರಿ_ಮೇಷ್ಟ್ರು

ಅದಕ್ಕೆ ಮುಖ್ಯಸ್ಥರೇ ಮೊದಲು ಅನುಮತಿ ಕೊಡಬೇಕಾಗುತ್ತದೆ. ನನ್ನ ಕೋಣೆಯಲ್ಲಿ ನಾನು ಇಂದಿನಿಂದಲೇ ಕೊಡುತ್ತೇನೆ: ಕ್ಲಿಪ್ ಹಾಕುವ ಹಂತದಲ್ಲಿ ನನ್ನ ಪ್ರಶ್ನೆಗೆ ಉತ್ತರಿಸದೆ ಕಾಯಲು ಹೇಳಿದವರಿಗೆ ಪೂರ್ಣ ಅಂಕ ಸಿಗುತ್ತದೆ.

ಪಿತ್ತನಾಳ

ಚರ್ಚೆ ಸದ್ದು ಮತ್ತು ಪ್ರಶ್ನೆಗಳ ಸುತ್ತಲೇ ಸುತ್ತುತ್ತಿರುವುದರಿಂದ ಇನ್ನೊಂದು ಮುಖ್ಯ ಸಂಗತಿ ತಪ್ಪಿಹೋಗುತ್ತಿದೆ ಎಂದು ನನಗೆ ಅನಿಸುತ್ತದೆ. ಯಾವ ಅಡ್ಡಿಯೂ ಇಲ್ಲದಿದ್ದಾಗ, ಪೂರ್ಣ ಏಕಾಗ್ರತೆಯಿಂದಲೇ ತಪ್ಪು ನಾಳವನ್ನು ಕತ್ತರಿಸುವುದುಂಟು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ, ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ಪಿತ್ತನಾಳಕ್ಕೆ ಗಾಯವಾದ 252 ಪ್ರಕರಣಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಲಾರೆನ್ಸ್ ವೇ ಮತ್ತು ಸಂಗಡಿಗರು ವಿಶ್ಲೇಷಿಸಿ 2003ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 97% ಪ್ರಕರಣಗಳಿಗೆ ಮೂಲ ಕಾರಣ ದೃಷ್ಟಿಭ್ರಮೆ, ಅಂದರೆ ಕಣ್ಣಿಗೆ ಕಂಡ ಮುಖ್ಯ ನಾಳವನ್ನೇ ಪಿತ್ತಕೋಶದ ನಾಳವೆಂದು ಮನಸ್ಸು ಒಪ್ಪಿಕೊಂಡದ್ದು. ಕೈಕೌಶಲದ ಕೊರತೆ ಕಂಡುಬಂದದ್ದು 3% ಪ್ರಕರಣಗಳಲ್ಲಿ ಮಾತ್ರ. ಆ ಸರ್ಜನ್ನರು ತಾವು ಸರಿಯಾದದ್ದನ್ನೇ ಕತ್ತರಿಸುತ್ತಿದ್ದೇವೆಂದು ದೃಢವಾಗಿ ನಂಬಿದ್ದರು. ಅಷ್ಟು ಗಾಢವಾದ ಏಕಾಗ್ರತೆಯೇ ಅವರಿಗೆ ಬೇರೆ ಸಾಧ್ಯತೆಯನ್ನು ಕಾಣಿಸದಂತೆ ಮಾಡಿರಬಹುದು.

ಆದ್ದರಿಂದ ಸಿಮ್ಯುಲೇಟರ್ ಮುಂದೆ ಕಲಿಸಬೇಕಾದದ್ದು ಗಮನವನ್ನು ಹಿಡಿದಿಡುವುದನ್ನು ಮಾತ್ರವಲ್ಲ, ಅದನ್ನು ಬಿಡಿಸಿ ಮತ್ತೆ ಹೊಸದಾಗಿ ನೋಡುವುದನ್ನು. ನಾಳ ಕತ್ತರಿಸುವ ಮುನ್ನ ಪೂರೈಸಬೇಕೆಂದು ಸರ್ಜನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಹೇಳಿದ ಮೂರು ಷರತ್ತುಗಳು ನಮಗೆಲ್ಲ ಬಾಯಿಪಾಠ: ತ್ರಿಕೋನದಲ್ಲಿ ಕೊಬ್ಬು ಮತ್ತು ನಾರು ಉಳಿದಿರಬಾರದು, ಪಿತ್ತಕೋಶದ ಕೆಳಭಾಗ ಯಕೃತ್ತಿನ ಹಾಸಿನಿಂದ ಬಿಟ್ಟಿರಬೇಕು, ಪಿತ್ತಕೋಶದೊಳಗೆ ಹೋಗುವ ಎರಡೇ ಎರಡು ರಚನೆಗಳು ಕಾಣಬೇಕು. ಇವನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಕತ್ತರಿ ಕೈಗೆ ಬಂದಾಗ ಎಷ್ಟು ಮಂದಿ ನಿಂತು ನೋಡುತ್ತಾರೆ? ಸಿಮ್ಯುಲೇಟರ್ ತಯಾರಕರು ವೇಗಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ, ಕ್ಲಿಪ್ ಹಾಕುವ ಮುನ್ನ ನಿಂತು ಎರಡೂ ಬದಿಯಿಂದ ನೋಡಿದ್ದಕ್ಕೆ ಅಂಕ ಕೊಡಬೇಕು. ಟೊರಾಂಟೊದ ಸರ್ಜನ್ ಕ್ಯಾರಲ್-ಆ್ಯನ್ ಮೌಲ್ಟನ್ ಅವರು ಪರಿಣತರ ಲಕ್ಷಣವೆಂದು ಗುರುತಿಸಿದ್ದು ಇದನ್ನೇ: ಎಲ್ಲಿ ನಿಧಾನಿಸಬೇಕೋ ಅಲ್ಲಿ ನಿಧಾನಿಸುವುದು.

ನಿವೃತ್ತ_ಸರ್ಜನ್

ಈ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಕತ್ತರಿಸುವ ಮುನ್ನ ಉಪಕರಣವನ್ನು ಹಿಂದಕ್ಕೆ ತೆಗೆದು, ಕ್ಯಾಮೆರಾವನ್ನು ದೂರಕ್ಕೆ ತಂದು, ಇಡೀ ಯಕೃತ್ತು ಕಾಣುವಂತೆ ಮಾಡಿ, "ಇದು ಯಾವುದು ಹೇಳಿ" ಎಂದು ಸಹಾಯಕರನ್ನು ಕೇಳುವುದನ್ನು ನಮ್ಮ ಗುರುಗಳು ಕಡ್ಡಾಯ ಮಾಡಿದ್ದರು. ಯಂತ್ರ ಇದನ್ನು ಕಲಿಸುವುದಾದರೆ ನನ್ನ ಮೊದಲ ಆಕ್ಷೇಪವನ್ನು ಸಡಿಲಿಸಲು ನಾನು ಸಿದ್ಧ.

ಕಣ್ಣಿನ_ಚಲನೆ

ಗಮನ ಎಲ್ಲಿದೆ ಎಂಬುದನ್ನು ಕಣ್ಣಿನಿಂದ ಒಂದು ಮಟ್ಟಿಗೆ ಅಳೆಯಬಹುದು. ಇಂಗ್ಲೆಂಡಿನ ಎಕ್ಸೆಟರ್‌ನ ಮಾರ್ಕ್ ವಿಲ್ಸನ್ ಮತ್ತು ಸಂಗಡಿಗರು 2010ರಲ್ಲಿ ಸಿಮ್ಯುಲೇಟರ್ ಮುಂದೆ ನಿಂತವರ ದೃಷ್ಟಿಯನ್ನು ದಾಖಲಿಸಿದರು. ಅನುಭವಿಗಳ ಕಣ್ಣು ತಾವು ಮುಟ್ಟಬೇಕಾದ ಗುರಿಯ ಮೇಲೆ ನೆಟ್ಟಿರುತ್ತಿತ್ತು. ಹೊಸಬರ ಕಣ್ಣು ಉಪಕರಣದ ತುದಿಯ ಹಿಂದೆ ಓಡುತ್ತಾ, ತುದಿಗೂ ಗುರಿಗೂ ನಡುವೆ ಅಲೆದಾಡುತ್ತಿತ್ತು. ವಿದ್ಯಾರ್ಥಿಗೆ "ತುದಿಯನ್ನು ನೋಡಬೇಡಿ, ಹೋಗಬೇಕಾದ ಜಾಗವನ್ನು ನೋಡಿ" ಎಂದು ಹೇಳಿಕೊಡಲು ಹಣ ಬೇಕಿಲ್ಲ.

ಮೂಳೆ_ಡಾಕ್ಟರ್

ನೀವೆಲ್ಲರೂ ಪರದೆಯ ಮುಂದೆ ನಿಂತು ಮಾಡುವ ಸಿಮ್ಯುಲೇಟರ್ ಬಗ್ಗೆ ಮಾತನಾಡುತ್ತಿದ್ದೀರಿ. ನಮ್ಮ ಮೂಳೆ ವಿಭಾಗದಲ್ಲಿ ಬರುತ್ತಿರುವುದು ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್. ಮೊಣಕಾಲ ಕೆಳಗಿನ ಮೂಳೆಯೊಳಗೆ ನೈಲ್ (ಲೋಹದ ಸರಳು) ಹಾಕುವುದು, ಭುಜದ ಕೀಲು ಬದಲಿಸುವುದು ಮೊದಲಾದವುಗಳ ಹಂತಗಳನ್ನು ಅನುಕ್ರಮವಾಗಿ ಕಲಿಯಲು ಅದು ಬಹಳ ಉಪಯುಕ್ತ. ಹೆಡ್‌ಸೆಟ್ ಹಾಕಿದ ಮೇಲೆ ಹೊರಗಿನ ಪ್ರಪಂಚ ಕಾಣುವುದಿಲ್ಲವಾದ್ದರಿಂದ ಗಮನ ತಾನಾಗಿ ಒಂದೆಡೆ ನಿಲ್ಲುತ್ತದೆ, ಆದರೆ ಅದು ಹೆಡ್‌ಸೆಟ್ ಕೊಟ್ಟ ಏಕಾಗ್ರತೆಯೇ ಹೊರತು ವಿದ್ಯಾರ್ಥಿ ಗಳಿಸಿದ್ದಲ್ಲ. ಕೆಲವರಿಗೆ ಸ್ವಲ್ಪ ಹೊತ್ತಿಗೇ ತಲೆ ಸುತ್ತಿ ವಾಕರಿಕೆ ಬರುತ್ತದೆ. ಕಣ್ಣು ಚಲನೆಯನ್ನು ಕಾಣುತ್ತದೆ, ಒಳಗಿವಿಗೆ ಚಲನೆ ತಿಳಿಯುವುದಿಲ್ಲ, ಹೊಂದಿಕೆ ತಪ್ಪುತ್ತದೆ. ಆ ಸ್ಥಿತಿಯಲ್ಲಿ ಮುಂದುವರಿಸಬಾರದು. ಅಭ್ಯಾಸವನ್ನು ಚಿಕ್ಕ ಅವಧಿಗಳಾಗಿ ಬೇರೆ ಬೇರೆ ದಿನಗಳಿಗೆ ಹಂಚುವುದು ಒಳ್ಳೆಯದು. ಅತಿ ಸಣ್ಣ ರಕ್ತನಾಳಗಳನ್ನು ಜೋಡಿಸುವ ತರಬೇತಿಯ ಬಗ್ಗೆ ಟೊರಾಂಟೊದಲ್ಲಿ 38 ರೆಸಿಡೆಂಟ್‌ಗಳ ಮೇಲೆ ನಡೆದ 2006ರ ಅಧ್ಯಯನದಲ್ಲಿ, ನಾಲ್ಕೂ ಪಾಠಗಳನ್ನು ಒಂದೇ ದಿನ ಕಲಿತವರಿಗಿಂತ ವಾರಕ್ಕೊಂದರಂತೆ ಕಲಿತವರು ಒಂದು ತಿಂಗಳ ನಂತರದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು.

ಗೇಮ್_ಪ್ರಿಯ

ಮೊಬೈಲಿನಲ್ಲಿ ಗೇಮ್ ಆಡುವವರು ಒಳ್ಳೆಯ ಸರ್ಜನ್ನರಾಗುತ್ತಾರೆ ಎಂದು ಕೇಳಿದ್ದೇನೆ, ಇದು ನಿಜವೇ?

ಲೀಡ್ಸ್_ಕನ್ನಡಿಗ

ನೀವು ಕೇಳಿರುವುದು ನ್ಯೂಯಾರ್ಕಿನ 2007ರ ಅಧ್ಯಯನವಿರಬೇಕು. ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ವಿಡಿಯೊ ಗೇಮ್ ಆಡಿದ್ದ ಸರ್ಜನ್ನರು ಲ್ಯಾಪ್ರೋಸ್ಕೋಪಿ ಅಭ್ಯಾಸಗಳಲ್ಲಿ 37% ಕಡಿಮೆ ತಪ್ಪು ಮಾಡಿದರು, 27% ಬೇಗ ಮುಗಿಸಿದರು. ಆದರೆ ಗೇಮ್ ಆಡಿದ್ದರಿಂದ ಕೈ ಚುರುಕಾಯಿತೋ, ಕೈ ಚುರುಕಾಗಿದ್ದವರೇ ಗೇಮ್ ಇಷ್ಟಪಟ್ಟರೋ ಎಂಬುದನ್ನು ಅಂತಹ ಹೋಲಿಕೆಯಿಂದ ತೀರ್ಮಾನಿಸಲಾಗದು. ಮೊಬೈಲ್ ಹಿಡಿದು ಕೂರಲು ಇದನ್ನು ಕಾರಣವಾಗಿ ಬಳಸಬೇಡಿ ಎಂದು ನನ್ನ ವಿನಂತಿ.

ಧ್ಯಾನಾಸಕ್ತೆ

ಪ್ರಾಣಾಯಾಮ ಮತ್ತು ಧ್ಯಾನವನ್ನು ಪಿಜಿ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿದರೆ ಈ ಸಮಸ್ಯೆಗೆ ಪರಿಹಾರ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಮನಶ್ಶಾಸ್ತ್ರ_ಓದುಗಿ

ಧ್ಯಾನದಿಂದ ಮನಸ್ಸಿನ ಒತ್ತಡ ತಗ್ಗಬಹುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 21 ಸರ್ಜರಿ ಇಂಟರ್ನ್‌ಗಳೊಂದಿಗೆ ಅಂತಹ ಪ್ರಯತ್ನ ನಡೆದಿದೆ. ಅದನ್ನು ಕಡ್ಡಾಯ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿದ್ದೆಗೆ ಸಮಯ ಕೊಡದೆ ಧ್ಯಾನಕ್ಕೆ ಕೂರಿಸುವುದು ವಿದ್ಯಾರ್ಥಿಗಳಿಗೆ ಇನ್ನೊಂದು ಹೊರೆಯಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಇನ್ನೂ ಹತ್ತಿರವಾದದ್ದು ಮನಸ್ಸಿನಲ್ಲೇ ಮಾಡುವ ಅಭ್ಯಾಸ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಹೊಸ ಸರ್ಜನ್ನರಿದ್ದರು, ಪ್ರತಿಯೊಬ್ಬರೂ ಸಿಮ್ಯುಲೇಟರ್ ಮೇಲೆ ಐದು ಸಲ ಪಿತ್ತಕೋಶ ತೆಗೆದರು. ಒಂದು ಗುಂಪು ಪ್ರತಿ ಸಲವೂ ಮೊದಲು ಅರ್ಧ ಗಂಟೆ ಕಣ್ಣು ಮುಚ್ಚಿ ಇಡೀ ಶಸ್ತ್ರಚಿಕಿತ್ಸೆಯನ್ನು, ಕಾಣುವುದನ್ನೂ ಕೈಗೆ ಅನಿಸುವುದನ್ನೂ ಸೇರಿಸಿ, ಹಂತ ಹಂತವಾಗಿ ಕಲ್ಪಿಸಿಕೊಂಡಿತು. ಇನ್ನೊಂದು ಗುಂಪು ಬೇರೆ ಉಪನ್ಯಾಸ ನೋಡಿತು. ಮೊದಲ ಗುಂಪಿನ ಕೆಲಸದ ಗುಣಮಟ್ಟ ಮೇಲಾಗಿತ್ತು.

ಸಾಫ್ಟ್‌ವೇರ್_ಎಂಜಿನಿಯರ್

ಅಳತೆಯ ಬಗ್ಗೆ ಒಂದು ಮಾತು. ತಲೆಗೆ ಪಟ್ಟಿ ಕಟ್ಟಿ ಮೆದುಳಿನ ಚಟುವಟಿಕೆ ದಾಖಲಿಸುವ ಪ್ರಯೋಗಗಳು ಬಹಳ ಆಸಕ್ತಿಕರವಾಗಿವೆ. ಇಂಪೀರಿಯಲ್ ಕಾಲೇಜಿನವರು 2018ರಲ್ಲಿ ತೋರಿಸಿದಂತೆ, ಸಮಯದ ಒತ್ತಡ ಹೇರಿದಾಗ ಕಿರಿಯರ ಮೆದುಳಿನ ಮುಂಭಾಗದ ಚಟುವಟಿಕೆ ಕುಗ್ಗಿ ಹೊಲಿಗೆಯೂ ಕೆಟ್ಟಿತು, ಹಿರಿಯರಲ್ಲಿ ಎರಡೂ ಉಳಿದುಕೊಂಡವು. ಆದರೆ ಇದು ಸಂಶೋಧನೆಗೆ ಸರಿ, ಒಬ್ಬ ವಿದ್ಯಾರ್ಥಿ ಉತ್ತೀರ್ಣನೋ ಅಲ್ಲವೋ ಎಂದು ನಿರ್ಧರಿಸಲು ಇನ್ನೂ ಸರಿಯಲ್ಲ. ಸದ್ಯಕ್ಕೆ ಎರಡನೆಯ ಕೆಲಸ ಕೊಟ್ಟು ಅಳೆಯುವುದೇ ಸುಲಭ. ಜೊತೆಗೆ ಸರ್ಜ್-ಟಿಎಲ್‌ಎಕ್ಸ್ ಎಂಬ ಪ್ರಶ್ನಾವಳಿ ಇದೆ. ನಾಸಾ 1980ರ ದಶಕದಲ್ಲಿ ರೂಪಿಸಿದ ಅಳತೆಯನ್ನು ಸರ್ಜನ್ನರಿಗಾಗಿ 2011ರಲ್ಲಿ ಮಾರ್ಪಡಿಸಿದ್ದು. ಮಾನಸಿಕ ಶ್ರಮ, ದೈಹಿಕ ಶ್ರಮ, ಸಮಯದ ಒತ್ತಡ, ಕೆಲಸದ ಜಟಿಲತೆ, ಸಂದರ್ಭದ ಆತಂಕ, ಗಮನಭಂಗ ಎಂಬ ಆರು ವಿಷಯಗಳಿಗೆ ವಿದ್ಯಾರ್ಥಿ ತಾನೇ ಅಂಕ ಕೊಡುತ್ತಾನೆ. ಯಂತ್ರದ ಅಂಕ ಅಷ್ಟೇ ಇದ್ದು ಮಾನಸಿಕ ಶ್ರಮದ ಅಂಕ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕಲಿಕೆ ಆಗುತ್ತಿದೆ ಎಂದರ್ಥ.

ತಾಲ್ಲೂಕು_ಆಸ್ಪತ್ರೆ

ನಮ್ಮಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರವಿಲ್ಲ. ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ವೆಬ್‌ಕ್ಯಾಮ್ ಇಟ್ಟು, ಹಳೆಯ ಉಪಕರಣಗಳಿಂದ ಅಭ್ಯಾಸ ಮಾಡುತ್ತೇವೆ. ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಾಯಿಲೆಕ್ಕ, ಗುರಿಯನ್ನು ನೋಡುವುದು, ಮನಸ್ಸಿನಲ್ಲೇ ಅಭ್ಯಾಸ ಮಾಡುವುದು, ಕತ್ತರಿಸುವ ಮುನ್ನ ನಿಲ್ಲುವುದು, ಇವೆಲ್ಲವನ್ನೂ ಆ ಡಬ್ಬಿಯ ಮುಂದೆಯೂ ಕಲಿಸಬಹುದು ಎಂದು ತಿಳಿದು ಸಂತೋಷವಾಯಿತು. ಷಾರ್ಲಟ್ಟಿನವರೂ ಮೆಗಿಲ್ಲಿನವರೂ ದುಬಾರಿ ಯಂತ್ರದ ಮೇಲೆ ಅವಲಂಬಿಸಿರಲಿಲ್ಲ ಅಲ್ಲವೇ?

ಮನಶ್ಶಾಸ್ತ್ರ_ಓದುಗಿ

ಹೌದು, ಎರಡೂ ಕಡೆ ಬಳಸಿದ್ದು ಸರಳ ಪೆಟ್ಟಿಗೆಯ ಸಾಧನವೇ.

ಸರ್ಜರಿ_ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ತಂಡಕ್ಕೆ ನಾನು ಹೀಗೆ ಮಾಡಬೇಕೆಂದಿದ್ದೇನೆ. ಗುರಿಯ ಅಂಕ ಬರುವವರೆಗೆ ನಿಶ್ಶಬ್ದ, ಆಮೇಲೆ ಬಾಯಿಲೆಕ್ಕ, ಅದಾದ ಮೇಲೆ ಓಟಿಯ ಸದ್ದು ಮತ್ತು ವಾರ್ಡಿನ ಪ್ರಶ್ನೆಗಳು. ಕ್ಲಿಪ್‌ಗೆ ಮುನ್ನ ನಿಂತು ನೋಡಿದ್ದನ್ನು ಯಂತ್ರ ದಾಖಲಿಸದಿದ್ದರೆ ನಾನೇ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತೇನೆ. ರಾತ್ರಿ ಡ್ಯೂಟಿಯ ಮರುದಿನ ಯಾರಿಗೂ ಸರದಿ ಇರುವುದಿಲ್ಲ, ಬೆಳಗಿನ ಅವಧಿಗೆ ಬದಲಿಸಲು ವಿಭಾಗದಲ್ಲಿ ಕೇಳಿದ್ದೇನೆ. ಸದ್ದಿಗಾಗಿ ಇಂಟರ್ನೆಟ್ಟಿನಲ್ಲಿ ಸಿಗುವ ಆಸ್ಪತ್ರೆ ಗದ್ದಲದ ಧ್ವನಿಮುದ್ರಣ ಹಾಕಿದರೆ ಸಾಕೇ?

ಓಟಿ_ಸಿಸ್ಟರ್

ಸರ್, ಧ್ವನಿಮುದ್ರಣಕ್ಕಿಂತ ನಮ್ಮಲ್ಲಿ ಒಬ್ಬರನ್ನು ಕರೆಯಿರಿ. ಯಾವ ಹೊತ್ತಿಗೆ ಯಾವ ಪ್ರಶ್ನೆ ಬರುತ್ತದೆಂದು ನಮಗೆ ಗೊತ್ತು. ಕ್ಲಿಪ್ ಅಪ್ಲೈಯರ್ ಕೇಳಿದಾಗ "ಯಾವ ಸೈಜ್ ಸರ್?" ಎಂದು ನಾವು ಕೇಳುವುದಕ್ಕೆ ಉತ್ತರ ಕೊಡಲೇಬೇಕು, ಮುಂದಿನ ಕೇಸನ್ನು ಒಳಗೆ ಕರೆಯಲೇ ಎಂಬುದಕ್ಕೆ ಆಗ ಕೊಡಬೇಕಾಗಿಲ್ಲ. ವಿದ್ಯಾರ್ಥಿಗಳು ಎರಡನ್ನೂ ಬೇರ್ಪಡಿಸುವುದನ್ನು ಕಲಿಯಲಿ.

ಅರಿವಳಿಕೆ_ವೈದ್ಯೆ

ಸರ್, ಇನ್ನೊಂದು ಕೋರಿಕೆ. ಬರೀ ಗದ್ದಲ ಬೇಡ, ಪಲ್ಸ್ ಆಕ್ಸಿಮೀಟರ್‌ನ ಸದ್ದನ್ನು ಹಾಕಿ. ರಕ್ತದ ಆಮ್ಲಜನಕ ಇಳಿದಂತೆ ಆ "ಬೀಪ್" ಸದ್ದಿನ ಸ್ಥಾಯಿಯೂ ಇಳಿಯುತ್ತದೆ, ಅನುಭವಿ ಸರ್ಜನ್ನರು ಪರದೆಯಿಂದ ಕಣ್ಣು ತೆಗೆಯದೆಯೇ ಅದನ್ನು ಗುರುತಿಸಿ "ಮೇಡಂ, ಎಲ್ಲ ಸರಿಯಿದೆಯೇ?" ಎಂದು ಕೇಳುತ್ತಾರೆ. ಅಭ್ಯಾಸದ ನಡುವೆ ಎಲ್ಲೋ ಒಂದು ಕಡೆ ಸ್ಥಾಯಿಯನ್ನು ಮೆಲ್ಲಗೆ ಇಳಿಸಿ, ವಿದ್ಯಾರ್ಥಿ ಅದನ್ನು ಗಮನಿಸಲು ಎಷ್ಟು ಸೆಕೆಂಡು ತೆಗೆದುಕೊಂಡರು ಎಂದು ಬರೆದುಕೊಳ್ಳಿ. ನೀವು ಕೇಳಿದ ಅಳತೆಯೂ ಅದರಲ್ಲೇ ಸಿಗುತ್ತದೆ. ಸದ್ದಿನ ಕಡತವನ್ನು ಸಿದ್ಧಪಡಿಸಿಕೊಡಲು ನನ್ನ ವಿಭಾಗದ ವಿದ್ಯಾರ್ಥಿಗಳು ತಯಾರಿದ್ದಾರೆ.